ಕೊನೆಯ ಬಳಕೆದಾರ

ಒಂಬತ್ತನೇ ಕಲಮಿನಲ್ಲಿ ಕೇಳಿದ್ದಾರೆ:
ಈ ಮಾಲನ್ನು ಕಟ್ಟಕಡೆಗೆ ಬಳಸುವವರು ಯಾರು?
ಎಲ್ಲಿ? ಯಾತಕ್ಕೆ?
ಇನ್ನೊಬ್ಬರ ಕೈಗೆ ದಾಟಿಸುವುದಿಲ್ಲವೆಂದು
ಬರೆದುಕೊಡುವಿರಾ?

ದಾವಣಗೆರೆ, ಕರೂರು ಇಂಡಸ್ಟ್ರಿಯಲ್ ಏರಿಯಾ, ಹಿಂದಿನ ಸಾಲು.
ಏಳು ಲೇತು, ಸೋರಿಕೆ ಹಿಡಿಯುವ ಒಂದು ಹೀಲಿಯಂ ಯಂತ್ರ,
ಮುಚ್ಚಿದ ಹತ್ತಿ ಗಿರಣಿಯ ಹರಾಜಿನಲ್ಲಿ ತಂದ ಗಡಿಯಾರ.
ಇಲ್ಲಿ ನಾವು ಮಾಡುವುದು ಕವಾಟ.
ಅಂಗೈಯಷ್ಟು. ಸ್ಟೀಲಿನದು.
ಗಾಳಿಯನ್ನೆಲ್ಲ ಹೊರಗೆ ದಬ್ಬಿದ ಮೇಲೆ
ಮತ್ತೆ ನುಸುಳದಂತೆ ಬಾಗಿಲು ಕಾಯುವುದು ಅದರ ಕೆಲಸ.
ಚಿಪ್ ಹುಟ್ಟುವ ಕೋಣೆಗೆ ಅಂಥವು ನೂರಾರು ಬೇಕಂತೆ.
ಆ ಕೋಣೆಯನ್ನು ನಾನು ನೋಡಿಲ್ಲ.

ನಮ್ಮ ಅಬ್ಬಾ ನಲವತ್ತು ವರ್ಷ
ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಸಿದವರು.
ಹದವಾಗಿ ಕಾದ ಮರಳಿಗೆ ಅಕ್ಕಿ ಬಿದ್ದರೆ
ಮೂರು ಎಣಿಸುವುದರೊಳಗೆ ಮಲ್ಲಿಗೆ.
ಜರಡಿ ಹಿಡಿದರೆ ಮಂಡಕ್ಕಿ ಮೇಲೆ, ಮರಳು ಕೆಳಗೆ;
ಅದೇ ಮರಳು ಮತ್ತೆ ಬಾಣಲೆಗೆ.
ಚಿಪ್ ಕೂಡ ಮರಳಿಂದಲೇ ಆಗುತ್ತೆ ಅಂದೆ ಒಂದು ರಾತ್ರಿ.
ನಕ್ಕರು. "ಯಾವ ಹಳ್ಳದ್ದು?"
ಅದಕ್ಕೂ ಒಂದು ಕಲಮು ಇದೆ, ಅಬ್ಬಾ.
ಮೂಲ ದೇಶ.

ಮೊಹರಂ ಮುಗಿದ ವಾರ ಆರ್ಡರ್ ಬಂತು.
ಅರವತ್ತು ಕವಾಟ. ಕಡಲಾಚೆಯ ಬಂದರಿನ ವ್ಯಾಪಾರಿ.
ರೇಟಿಗೆ ಮರುಮಾತಿಲ್ಲ, ಮುಂಗಡ ಪೂರ್ತಿ.
ಕೂರಿಸಿಕೊಡುವುದು ಬೇಡ, ವಾರಂಟಿ ಬೇಡ,
ಡಬ್ಬಿಯ ಮೇಲೆ ನಮ್ಮ ಹೆಸರೂ ಬೇಡ.
ಕೊಟ್ರೇಶಣ್ಣ ಎಲ್ಲರಿಗೂ ಪೇಡೆ ತರಿಸಿದರು.
ಹೊಸ ಯಂತ್ರದ ಮೂರು ಕಂತು ಬಾಕಿ ಇತ್ತು.

ನಾನು ಸ್ಕೋಮೆಟ್ ಪಟ್ಟಿ ತೆರೆದೆ.
ಲೋಹ, ಅಳತೆ, ಸೋರಿಕೆಯ ಮಿತಿ:
ಚುಕ್ಕಿಯ ಮುಂದೆ ಎಂಟು ಸೊನ್ನೆ.
ಒಂದೇ ಒಂದು ಸೊನ್ನೆಯಿಂದ
ನಾವು ಪಟ್ಟಿಯ ಒಳಗೆ.
ಇಷ್ಟು ಚೆನ್ನಾಗಿ ಮಾಡದಿದ್ದರೆ
ಯಾರೂ ಕೇಳುತ್ತಿರಲಿಲ್ಲ.

ವಿಳಾಸ ಹುಡುಕಿದೆ. ಕಾರು ತೊಳೆಯುವ ಅಂಗಡಿಯ ಮಹಡಿ,
ಒಂದೇ ಬಾಗಿಲಿಗೆ ನಾಲ್ಕು ಕಂಪನಿ.
ಕೊನೆಯ ಬಳಕೆದಾರರು ಯಾರೆಂದು ಬರೆದೆ.
'ನಮ್ಮ ಗ್ರಾಹಕರು' ಎಂದು ಉತ್ತರ ಬಂತು.
ಮತ್ತೆ ಬರೆದೆ.
ಉತ್ತರ ಬರಲಿಲ್ಲ, ಇನ್ನಷ್ಟು ಮುಂಗಡ ಬಂತು.

"ಏ ತಂಗಿ, ನಾವು ಮಾಡೋದು ನಲ್ಲಿ" ಅಂದರು ಕೊಟ್ರೇಶಣ್ಣ.
"ನಲ್ಲಿ ಮಾಡಿದವ ನೀರು ಯಾರು ಕುಡಿತಾರಂತ
ಮನೆಮನೆಗೆ ಹೋಗಿ ಕೇಳ್ತಾನೇನು?"
ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಅಬ್ಬಾ ಬೀಡಿ ಆರಿಸಿದರು.
"ಚೌಕಾಸಿ ಮಾಡದ ಗಿರಾಕಿಗೆ ಮಾಲು ಬೇಕಿರಲ್ಲ ಬೇಟಿ,
ಇನ್ನೇನೋ ಬೇಕಿರ್ತತಿ.
ನೀನು ಹುಟ್ಟೋಕೆ ಮುಂಚೆ ಒಬ್ಬ
ರಾತ್ರೋರಾತ್ರಿ ಹನ್ನೆರಡು ಚೀಲ ಒಯ್ದ, ಕೇಳಿದಷ್ಟು ಕೊಟ್ಟು.
ಹರಿಹರದ ಸೇತುವೆ ಮೇಲೆ ಲಾರಿ ಹಿಡಿದರು.
ಮೇಲೆ ಮಂಡಕ್ಕಿ, ಒಳಗೆ ಗಂಧದ ಚಕ್ಕೆ.
ಚೀಲದ ಮೇಲೆ ನಮ್ಮ ಭಟ್ಟಿ ಗುರುತು.
ಮೂರು ದಿನ ಠಾಣೆಯಾಗೆ ಕೂತಿದ್ದೆ."
ಈ ಮಾತು ಅಮ್ಮನಿಗೂ ಗೊತ್ತಿರಲಿಲ್ಲ.

ಕಡತದ ಮೇಲೆ 'ತಡೆ' ಎಂದು ಬರೆದೆ.
ಹಣ ವಾಪಸ್ಸು ಹೋಯಿತು.
ಕೊಟ್ರೇಶಣ್ಣ ಎಂಟು ದಿನ ಮಾತಾಡಲಿಲ್ಲ,
ಆದರೆ ನನ್ನ ಸಹಿಯ ಪಕ್ಕ ಸಹಿ ಹಾಕಿದರು,
ಕಾಗದ ಹರಿಯುವಷ್ಟು ಒತ್ತಿ.

ತಡೆದದ್ದು ಯಾರದೋ ಕ್ಷಿಪಣಿಯನ್ನೋ
ಯಾವುದೋ ಊರ ಆಸ್ಪತ್ರೆಯ ಸ್ಕ್ಯಾನನ್ನೋ,
ನನಗೆ ತಿಳಿಯುವುದೇ ಇಲ್ಲ.
ಆ ಕೋಣೆ ಇದ್ದವರೇ ಬರೆದ ಪಟ್ಟಿ;
ಇಲ್ಲದವರ ಹೆಸರು ಬೇರೆ ಪುಟದಲ್ಲಿ.
ನಾನು ಓದಿದ್ದು ಬಿ.ಕಾಂ.,
ಬಾಗಿಲು ಕಾಯುವುದು ನನಗೂ ಬಂತು, ಕವಾಟದಂತೆ,
ಯಾವ ಕಡೆ ಒಳಗು ಎಂದು ಕೇಳದೆ.

ಅರವತ್ತೂ ಕಪಾಟಿನಲ್ಲಿವೆ, ಪ್ಲಾಸ್ಟಿಕ್ ಸುತ್ತಿಕೊಂಡು.
ಭಾನುವಾರ ಸಂಜೆ ಮಿರ್ಚಿ, ಮಂಡಕ್ಕಿ ತಂದೆ.
ಕಟ್ಟೆಯ ಮೇಲೆ ಇಬ್ಬರೂ ಕೂತು ತಿನ್ನುವಾಗ
ಹಲ್ಲಿಗೆ ಕಟ್ ಎಂದಿತು ಒಂದು ಹರಳು,
ಜರಡಿ ತಪ್ಪಿಸಿಕೊಂಡ ಮರಳು.
ಬೆರಳ ತುದಿಗೆ ತೆಗೆದು ದೀಪಕ್ಕೆ ಹಿಡಿದೆ.

"ನಮ್ಮ ಭಟ್ಟಿದಲ್ಲ ಬಿಡು" ಅಂದರು ಅಬ್ಬಾ,
ನೋಡದೆಯೇ.